ಎಷ್ಟು ಪೀಸು ಸಾರ್?

ಪೀಣ್ಯದ ಯಾವ ಜಾಬ್ ವರ್ಕ್ ಶೆಡ್ಡಿಗಾದರೂ ಡ್ರಾಯಿಂಗ್ ಹಿಡಿದುಕೊಂಡು ಹೋಗಿ. ಕಾಗದ ಪೂರ್ತಿ ಬಿಡಿಸುವ ಮೊದಲೇ ಮಾಲೀಕರು ಕೇಳುವುದು ಒಂದೇ ಮಾತು: "ಎಷ್ಟು ಪೀಸು ಸಾರ್?" ಸಾವಿರ ಅಂದರೆ ಕುರ್ಚಿ ಎಳೆದು ಕೂರಿಸುತ್ತಾರೆ, ಕಾಫಿ ತರಿಸುತ್ತಾರೆ. ಎರಡು ಅಂದರೆ ಮುಖ ಸಣ್ಣದಾಗುತ್ತದೆ. "ಈಗ ಸ್ವಲ್ಪ ಲೋಡ್ ಜಾಸ್ತಿ ಇದೆ, ಮುಂದಿನ ವಾರ ನೋಡೋಣ." ಅದು ಸೊಕ್ಕಲ್ಲ, ಲೆಕ್ಕ. ಆ ಲೆಕ್ಕ ಗೊತ್ತಿಲ್ಲದೆ ಹೋದವರು ಬೇಸರದಿಂದ ಹೊರಬರುತ್ತಾರೆ, ಇಲ್ಲವೇ ಎರಡು ಪಟ್ಟು ದುಡ್ಡು ಕೊಟ್ಟು ಬೇಡದ ಪೀಸು ಮನೆಗೆ ತರುತ್ತಾರೆ.

ಎರಡು ಪೀಸಿನ ಗಿರಾಕಿಗಳು ಯಾರು? ಕೊನೇ ಸೆಮಿಸ್ಟರಿನ ಪ್ರಾಜೆಕ್ಟಿಗೆ ಓಡಾಡುವ ಇಂಜಿನಿಯರಿಂಗ್ ಹುಡುಗರು, ಡ್ರೋನ್ ಕಟ್ಟುವವರು, ಯಾವುದೋ ಉಪಕರಣದ ಮೊದಲ ಮಾದರಿ ತಯಾರಿಸುವ ಸ್ಟಾರ್ಟಪ್‌ನವರು, ಸ್ಪೇರ್ ಸಿಗದ ಹಳೇ ಯಂತ್ರಕ್ಕೆ ಒಂದೇ ಒಂದು ಗೇರ್ ಬೇಕಾದವರು. ಇವರೆಲ್ಲ ತಲೆಯಲ್ಲಿ ಹೊತ್ತು ಬರುವ ನಂಬಿಕೆಗಳು ಮಾತ್ರ ಹೆಚ್ಚುಕಡಿಮೆ ಒಂದೇ. ಅವನ್ನು ಗಾಳಿಯಲ್ಲಿ ಚರ್ಚಿಸುವ ಬದಲು ಒಂದು ಪೀಸನ್ನೇ ಮುಂದಿಟ್ಟುಕೊಳ್ಳೋಣ. ಯು ಆಕಾರದ ಒಂದು ಅಲ್ಯೂಮಿನಿಯಂ ಬ್ರಾಕೆಟ್. ಒಂದು ಕಾಲಿಗೆ ನೆಮಾ-17 ಸ್ಟೆಪ್ಪರ್ ಮೋಟರ್, ಎದುರಿನ ಕಾಲಿಗೆ 608 ಬೇರಿಂಗ್. ನಡುವೆ ಕಪ್ಲಿಂಗ್ ಹಾಕಿದ ಒಂದು ರಾಡ್. ಸಣ್ಣ ಯಂತ್ರ ಕಟ್ಟುವವರೆಲ್ಲ ಎಂದಾದರೊಮ್ಮೆ ಇಂಥದ್ದನ್ನು ಮಾಡಿಸಿಯೇ ಇರುತ್ತಾರೆ.

"ಒಂದು ಪೀಸಿಗೆ ಇಷ್ಟಾ? ಅಲ್ಯೂಮಿನಿಯಂ ಕೆಜಿ ರೇಟು ನಮಗೆ ಗೊತ್ತಿಲ್ವಾ?"

ಗೊತ್ತಿರಬಹುದು, ಆದರೆ ಆ ರೇಟಿಗೂ ಕೊಟೇಶನ್ನಿಗೂ ಸಂಬಂಧ ಕಡಿಮೆ. ನಮ್ಮ ಬ್ರಾಕೆಟ್ಟನ್ನು ಗಟ್ಟಿ ತುಂಡಿನಿಂದ ಕೊರೆಯುವುದಾದರೆ 60×60×70 ಮಿ.ಮೀ. ಬ್ಲಾಕ್ ಬೇಕು. ತೂಕ ಸುಮಾರು 680 ಗ್ರಾಂ. ಕೆಲಸ ಮುಗಿದಾಗ ಕೈಯಲ್ಲಿ ಉಳಿಯುವುದು 200 ಗ್ರಾಂ ಆಸುಪಾಸು. ಮಿಕ್ಕಿದ್ದೆಲ್ಲ ಚಿಪ್ಸ್ ಆಗಿ ಗುಜರಿಗೆ ಹೋಗುತ್ತದೆ. ಇಷ್ಟಾದರೂ ಲೋಹದ ಬೆಲೆ ಬಿಲ್ಲಿನ ಸಣ್ಣ ಭಾಗ.

ದೊಡ್ಡ ಭಾಗ ಯಾವುದು ಅಂದರೆ ಯಂತ್ರ ತಿರುಗುವ ಮುಂಚಿನ ಸಮಯ. ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯಬೇಕು, ಟೂಲು ಆರಿಸಬೇಕು, ಒಂದೊಂದು ಟೂಲಿನ ಉದ್ದವನ್ನೂ ಯಂತ್ರಕ್ಕೆ ತಿಳಿಸಬೇಕು, ವೈಸು ಕೂರಿಸಿ ಡಯಲ್ ಹಿಡಿದು ನೇರ ಮಾಡಬೇಕು. ಮೊದಲ ಪೀಸನ್ನು ನಿಧಾನವಾಗಿ, ಕೈ ಸ್ಟಾಪ್ ಬಟನ್ನಿನ ಮೇಲೇ ಇಟ್ಟುಕೊಂಡು ಓಡಿಸಬೇಕು. ಇದಕ್ಕೆಲ್ಲ ಮೂರು ಗಂಟೆ ಹಿಡಿಯಿತು, ಆಮೇಲೆ ಪ್ರತಿ ಪೀಸು ಇಪ್ಪತ್ತು ನಿಮಿಷ ತಿಂದಿತು ಅಂತಿಟ್ಟುಕೊಳ್ಳಿ. ಒಂದೇ ಪೀಸಾದರೆ 200 ನಿಮಿಷದ ಬಾಡಿಗೆ ಪೂರಾ ಅದರ ತಲೆಯ ಮೇಲೆ. ಹತ್ತು ಪೀಸಾದರೆ ತಲಾ 38 ನಿಮಿಷ. ನೂರಾದರೆ ತಲಾ 22. ಒಂದರಿಂದ ಹತ್ತಕ್ಕೆ ಹೋದಾಗ ಬೆಲೆ ಧಡಕ್ಕನೆ ಇಳಿಯುತ್ತದೆ, ಹತ್ತರಿಂದ ನೂರಕ್ಕೆ ಹೋದಾಗ ಅಷ್ಟೇನೂ ಇಳಿಯುವುದಿಲ್ಲ. ಹಾಗಾಗಿ "ಒಂದಕ್ಕೆ ಎಷ್ಟು?" ಎಂದು ಕೇಳುವ ಬದಲು ಒಂದು, ಐದು, ಹತ್ತು, ಇಪ್ಪತ್ತೈದಕ್ಕೆ ಬೇರೆಬೇರೆ ರೇಟು ಬರೆದುಕೊಡಿ ಅನ್ನಬೇಕು. ಎಷ್ಟೋ ಸಲ ಮೂರು ಪೀಸಿನ ದುಡ್ಡಿಗೆ ಇನ್ನು ಸ್ವಲ್ಪ ಸೇರಿಸಿದರೆ ಐದು ಬರುತ್ತವೆ. ಒಂದನ್ನು ಮುರಿದು ನೋಡಬಹುದು, ಒಂದನ್ನು ಕಪಾಟಿನಲ್ಲಿಡಬಹುದು.

ಚೌಕಾಸಿ ಮಾಡಿದರೆ ಬೆಲೆ ಇಳಿಯುವುದಿಲ್ಲವೇ? ಇಳಿಯುತ್ತದೆ. ಎಲ್ಲಿಂದ ಇಳಿಯಿತು ಎಂದು ಆಮೇಲೆ ಗೊತ್ತಾಗುತ್ತದೆ: ಬರ್ ತೆಗೆಯದ ಅಂಚು ಬೆರಳು ಕೊಯ್ದಾಗ. ನಿಜವಾದ ಉಳಿತಾಯ ಇರುವುದು ಪೀಸಿನ ಆಕಾರದಲ್ಲಿ. ಅನುಭವಿ ಮಾಲೀಕರು ನಮ್ಮ ಯು ಬ್ರಾಕೆಟ್ ನೋಡಿ, "ಗಟ್ಟಿ ತುಂಡಿಂದ ಯಾಕೆ ಸಾರ್? ಮೂರು ಪ್ಲೇಟ್ ಮಾಡಿ, ಡೋವೆಲ್ ಪಿನ್ ಕೊಟ್ಟು, ಬೋಲ್ಟ್ ಹಾಕಿಬಿಡಿ" ಎನ್ನುತ್ತಾರೆ. 8 ಮಿ.ಮೀ. ಪ್ಲೇಟಿನ ಮೂರು ತುಂಡು. ಎರಡು ಕಾಲುಗಳನ್ನು ಒಂದರ ಮೇಲೊಂದಿಟ್ಟು ಒಟ್ಟಿಗೆ ತೂತು ಹಾಕಬಹುದು. ವೇಸ್ಟ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅದನ್ನು ಹೇಳಿದವರಿಗೆ ಐನೂರು ರೂಪಾಯಿ ಹೆಚ್ಚು ಕೊಟ್ಟರೂ ಲಾಭವೇ. ಆದರೆ ಈ ಸಲಹೆ ಬರಬೇಕಾದರೆ ಪೀಸು ಏನು ಕೆಲಸಕ್ಕೆ ಎಂದು ಅವರಿಗೆ ಹೇಳಿರಬೇಕು. ಗುಟ್ಟು ಮಾಡಿದವರಿಗೆ ಕೇಳಿದ್ದು ಮಾತ್ರ ಸಿಗುತ್ತದೆ.

"ತ್ರೀಡಿ ಫೈಲ್ ಕಳಿಸಿದ್ದೀನಲ್ಲ, ಇನ್ನೇನು ಬೇಕು?"

ಸ್ಟೆಪ್ ಫೈಲಿನಲ್ಲಿ ಸಾಮಾನ್ಯವಾಗಿ ಆಕಾರ ಇರುತ್ತದೆ, ಉದ್ದೇಶ ಇರುವುದಿಲ್ಲ. ಮಾಡೆಲ್‌ನಲ್ಲಿ 2.5 ಮಿ.ಮೀ. ತೂತು ಇದೆ. ಅದು ಬರೀ ತೂತೋ, ಎಂ3 ಟ್ಯಾಪ್ ಹೊಡೆಯಬೇಕಾದ ತೂತೋ? ಎಂ3 ಟ್ಯಾಪಿಂಗಿಗೆ ಹಾಕುವ ಡ್ರಿಲ್ಲು 2.5ರದ್ದೇ ಆದ್ದರಿಂದ ಎರಡೂ ಸಾಧ್ಯ. ಯಾವ ಅಂಚು ಚೂಪಾಗಿಯೇ ಇರಬೇಕು, ಯಾವುದನ್ನು ಮುರಿಯಬಹುದು? ಹೊರಗೆ ಕಾಣುವ ಮುಖ ಯಾವುದು? ಯಾವ ಎರಡು ತೂತುಗಳು ಒಂದಕ್ಕೊಂದು ನೇರವಾಗಿರದಿದ್ದರೆ ಪೀಸು ದಂಡ? ಇದ್ಯಾವುದನ್ನೂ ನೀವು ಬರೆದಿಲ್ಲ ಎಂದರೆ ಯಾರೂ ನಿರ್ಧರಿಸುವುದಿಲ್ಲ ಎಂದಲ್ಲ. ನೈಟ್ ಶಿಫ್ಟಿನಲ್ಲಿ ಯಂತ್ರದ ಮುಂದೆ ನಿಂತಿರುವ ಆಪರೇಟರ್ ನಿರ್ಧರಿಸುತ್ತಾನೆ, ಅವನಿಗೆ ಸುಲಭವಾಗುವಂತೆ. ಅವನದೇನೂ ತಪ್ಪಿಲ್ಲ. ಕಡಿಮೆ ಸಂಖ್ಯೆಯ ಆರ್ಡರಿನಲ್ಲಿ ನಾವು ದುಡ್ಡು ಕೊಟ್ಟು ಕೊಳ್ಳುವುದು ಮುಖ್ಯವಾಗಿ ಇಂಥ ನಿರ್ಧಾರಗಳನ್ನೇ. ಸಾವಿರಾರು ಪೀಸಿನ ಕೆಲಸದಲ್ಲಿ ಮೊದಲ ಲಾಟಿನ ತಪ್ಪನ್ನು ಎರಡನೆಯದರಲ್ಲಿ ತಿದ್ದಿಕೊಳ್ಳಬಹುದು. ಇಲ್ಲಿ ಮೊದಲ ಲಾಟೇ ಕೊನೆಯದು.

ನಮ್ಮ ಬ್ರಾಕೆಟ್ಟಿನಲ್ಲಿ ಮೋಟರಿನ ತೂತಿನ ನಡುಗೆರೆಯೂ ಬೇರಿಂಗ್ ಕೂರುವ ತೂತಿನ ನಡುಗೆರೆಯೂ ಒಂದೇ ಆಗಿರಬೇಕು. ಅಂದರೆ ಎರಡನ್ನೂ ಒಂದೇ ಸೆಟ್ಟಿಂಗಿನಲ್ಲಿ, ಪೀಸನ್ನು ಬಿಚ್ಚದೆ ಬೋರ್ ಮಾಡಬೇಕು. ಮಾಡೆಲ್ ನೋಡಿದರೆ ಎರಡೂ ಎದುರುಬದುರು ಸರಿಯಾಗಿಯೇ ಕಾಣುತ್ತವೆ, ಯಾಕೆಂದರೆ ಕಂಪ್ಯೂಟರಿನಲ್ಲಿ ಯಾವುದೂ ಓರೆಯಾಗುವುದಿಲ್ಲ. ಡ್ರಾಯಿಂಗಿನಲ್ಲಿ ಒಂದು ಸಾಲು ಬರೆದರೆ ಆಪರೇಟರ್ ಹಾಗೇ ಮಾಡುತ್ತಾನೆ. ಬರೆಯದಿದ್ದರೆ ಒಂದು ಕಡೆ ಕೊರೆದು, ತಿರುಗಿಸಿ ಕಟ್ಟಿ, ಇನ್ನೊಂದು ಕಡೆ ಕೊರೆಯುತ್ತಾನೆ. ಆಮೇಲೆ ರಾಡ್ ಬಿಗಿಯಾಗಿ ತಿರುಗುತ್ತದೆ, ಬೇರಿಂಗ್ ಕಿರುಗುಟ್ಟುತ್ತದೆ, ನೀವು ಮೋಟರನ್ನು ಬೈಯುತ್ತೀರಿ.

ಎಸ್‌ಟಿಎಲ್ ಫೈಲ್ ಕಳಿಸುವವರ ಕಥೆ ಬೇರೆ. ಅದರೊಳಗೆ ಇರುವುದು ತ್ರಿಕೋನಗಳು ಮಾತ್ರ, ಅಳತೆಯ ಮಾನ ಕೂಡ ಇರುವುದಿಲ್ಲ. 50 ಅಂದರೆ 50 ಮಿಲಿಮೀಟರೋ 50 ಇಂಚೋ ಓದುವ ಸಾಫ್ಟ್‌ವೇರ್ ಊಹಿಸಿಕೊಳ್ಳಬೇಕು. ಪೀಸು 25.4 ಪಟ್ಟು ಚಿಕ್ಕದಾಗಿ ಬಂತು ಅನ್ನುವ ಜೋಕು ಈ ಲೈನಿನವರಿಗೆಲ್ಲ ಗೊತ್ತು.

ಎರಡು ಆಯಾಮದ ಡ್ರಾಯಿಂಗಿನಲ್ಲೂ ಒಂದು ಗುಂಡಿ ಇದೆ. ನಮ್ಮ ಕಾಲೇಜುಗಳಲ್ಲಿ ಕಲಿಸುವುದು ಫಸ್ಟ್ ಆ್ಯಂಗಲ್ ಪ್ರೊಜೆಕ್ಷನ್, ಅಮೆರಿಕದಲ್ಲಿ ಚಾಲ್ತಿಯಲ್ಲಿರುವುದು ಥರ್ಡ್ ಆ್ಯಂಗಲ್. ಸಾಫ್ಟ್‌ವೇರಿನ ಅಮೆರಿಕನ್ ಟೆಂಪ್ಲೇಟನ್ನು ಹಾಗೇ ಇಟ್ಟುಕೊಂಡು, ಮೂಲೆಯ ಚಿಹ್ನೆ ಅಳಿಸಿ ಪ್ರಿಂಟ್ ತೆಗೆದರೆ ಎಡಗೈ ಪೀಸು ಬಲಗೈಯದಾಗಿ ಬರಬಹುದು. ಅಳತೆ ಎಲ್ಲ ಕರಾರುವಾಕ್ಕು, ಕನ್ನಡಿಯೊಳಗಿನ ಪೀಸು.

"ಟಾಲರೆನ್ಸ್ ಬಿಗಿ ಇದ್ದಷ್ಟೂ ಪೀಸು ಚೆನ್ನಾಗಿ ಬರುತ್ತೆ"

ಹೊಸಬರ ಡ್ರಾಯಿಂಗಿನ ಗುರುತೇ ಇದು: ಎಲ್ಲ ಅಳತೆಯ ಮುಂದೂ ±0.01. ಅದನ್ನು ನೋಡಿದ ಅನುಭವಸ್ಥರು ಎರಡರಲ್ಲಿ ಒಂದು ಮಾಡುತ್ತಾರೆ. ಪ್ರಾಮಾಣಿಕರು ಬೆಲೆಯನ್ನು ಮೂರು ಪಟ್ಟು ಹಾಕುತ್ತಾರೆ. ಉಳಿದವರು "ಇವರಿಗೆ ಗೊತ್ತಿಲ್ಲ" ಎಂದುಕೊಂಡು ಆ ಕಾಲಂ ಓದುವುದನ್ನೇ ಬಿಡುತ್ತಾರೆ. ಎರಡನೆಯದು ಹೆಚ್ಚು ಅಪಾಯ. ನಿಜವಾಗಿ ಬೇಕಿದ್ದ ಒಂದು ಅಳತೆಯೂ ಬೇಡದ ನಲವತ್ತರ ನಡುವೆ ಮುಳುಗಿಹೋಗುತ್ತದೆ.

±0.01 ಎಂದರೆ ಎಷ್ಟು ಎಂಬುದನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಬೇಕು. ಅಳತೆಗೆ ಜಗತ್ತು ಒಪ್ಪಿಕೊಂಡ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. 100 ಮಿ.ಮೀ. ಉದ್ದದ ಅಲ್ಯೂಮಿನಿಯಂ ತುಂಡು ಹತ್ತು ಡಿಗ್ರಿ ಬಿಸಿಯಾದರೆ ಸುಮಾರು 0.023 ಮಿ.ಮೀ. ಹಿಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನ ಶೀಟಿನ ಶೆಡ್ಡಿನಲ್ಲಿ ಅಳೆದ ಪೀಸು, ಎಸಿ ರೂಮಿನಲ್ಲಿ ಅಳೆದಾಗ ನಿಮ್ಮ ಟಾಲರೆನ್ಸಿನ ಆಚೆ ಹೋಗಿರುತ್ತದೆ, ಯಾರೂ ಅದನ್ನು ಮುಟ್ಟದಿದ್ದರೂ. ಇಂಥ ಅಳತೆ ಬೇಕಾದವರು ಇಲ್ಲವೆಂದಲ್ಲ. ತುಮಕೂರು ರಸ್ತೆಯಲ್ಲಿ 1962ರಲ್ಲಿ ಶುರುವಾದ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ, ಅಂದರೆ ಎಲ್ಲರ ಬಾಯಲ್ಲಿ ಸಿಎಂಟಿಐ, ಇಂಥ ನಿಖರತೆಯ ಕೆಲಸಕ್ಕೇ ಹೆಸರಾದದ್ದು. ಮೋಟರ್ ಬ್ರಾಕೆಟ್ಟಿಗೆ ಅಷ್ಟು ದೂರ ಹೋಗಬೇಕಾಗಿಲ್ಲ.

ಹಾಗಾದರೆ ಏನು ಬರೆಯಬೇಕು? ಬಹುತೇಕ ಅಳತೆಗೆ ಏನೂ ಬರೆಯಬೇಡಿ. ಕೆಳಗೆ ಒಂದು ಸಾಲು, "ಐಎಸ್‌ಒ 2768 ಎಂ" ಎಂದಿದ್ದರೆ ಸಾಕು. ಮಧ್ಯಮ ದರ್ಜೆಯ ಆ ಪಟ್ಟಿಯಲ್ಲಿ 6ರಿಂದ 30 ಮಿ.ಮೀ. ವರೆಗಿನ ಅಳತೆಗೆ ±0.2, 30ರಿಂದ 120ರವರೆಗೆ ±0.3. ಬ್ರಾಕೆಟ್ಟಿನ ಹೊರಗಿನ ಉದ್ದ 70 ಇದ್ದದ್ದು 70.2 ಆದರೆ ಯಾರ ಗಂಟೂ ಹೋಗುವುದಿಲ್ಲ. ಸಾಮಾನ್ಯ ವಿಎಂಸಿ ಯಂತ್ರ ಅದಕ್ಕಿಂತ ಎಷ್ಟೋ ಚೆನ್ನಾಗಿ ತಾನಾಗೇ ಕೊಡುತ್ತದೆ.

ಆಮೇಲೆ ನಿಜಕ್ಕೂ ಮುಖ್ಯವಾದ ಎರಡು ಮೂರಕ್ಕೆ ಬನ್ನಿ. ನೆಮಾ-17 ಮೋಟರಿನ ನಾಲ್ಕು ಸ್ಕ್ರೂ ತೂತುಗಳ ನಡುವಿನ ಅಂತರ 31 ಮಿ.ಮೀ. ಪಟ್ಟಿಯ ಪ್ರಕಾರ ಬಿಟ್ಟರೆ ಅದಕ್ಕೆ ±0.3 ಸಿಗುತ್ತದೆ, ಎಂ3 ಸ್ಕ್ರೂಗೆ 3.4 ತೂತು ಕೊಟ್ಟಿದ್ದರೆ ಕೂತರೂ ಕೂರಬಹುದು, ಆದರೆ ಸ್ಕ್ರೂ ಹಾಕುವವರು ಗೊಣಗುತ್ತಾರೆ. ±0.1 ಎಂದು ಬರೆದರೆ ಬೆಲೆಯೇನೂ ಏರುವುದಿಲ್ಲ. ಮೋಟರಿನ ಮುಖದ ಮೇಲೆ 22 ಮಿ.ಮೀ. ಉಬ್ಬು ಇದೆ, ಅದರ ತೂತನ್ನು ಹತ್ತನೇ ಒಂದು ಮಿಲಿಮೀಟರ್ ಸಡಿಲ ಬಿಟ್ಟರಾಯಿತು. 608 ಬೇರಿಂಗಿನ ಹೊರವ್ಯಾಸವೂ 22 ಮಿ.ಮೀ.ಯೇ, ಆದರೆ ಅಲ್ಲಿ ಆಟ ಬೇರೆ. ಅಲ್ಲಿ 22 ಎಚ್7 ಎಂದು ಬರೆಯಬೇಕು: 22.000ಕ್ಕಿಂತ ಕಡಿಮೆ ಇರಕೂಡದು, 22.021ಕ್ಕಿಂತ ಹೆಚ್ಚಿರಕೂಡದು. ಇಡೀ ಪೀಸಿನಲ್ಲಿ ನಿಜವಾಗಿ ದುಡ್ಡು ಖರ್ಚು ಮಾಡಬೇಕಾದ ಅಳತೆ ಇದೊಂದೇ. ಒಂದೇ ಪೀಸಿನ ಎರಡು ಇಪ್ಪತ್ತೆರಡುಗಳಿಗೆ ಎರಡು ಬೇರೆ ಬೇರೆ ಟಾಲರೆನ್ಸ್. ಇದು ಅರ್ಥವಾದವರಿಗೆ ಡ್ರಾಯಿಂಗ್ ಬರೆಯುವುದು ಅರ್ಧ ಬಂದಂತೆ.

"ಕಲರ್ ಕೊನೆಗೆ ನೋಡ್ಕೊಂಡ್ರಾಯ್ತು"

ಮೇಲಿನ ಎಚ್7 ತೂತು ಸರಿಯಾಗಿ ಬಂತು ಎಂದಿಟ್ಟುಕೊಳ್ಳಿ, 22.010. ಬೇರಿಂಗ್ ಹೆಬ್ಬೆರಳಲ್ಲಿ ಒತ್ತಿದರೆ ಕೂರುತ್ತದೆ. ಇನ್ವೆಸ್ಟರ್‌ಗಳಿಗೆ ತೋರಿಸಬೇಕು, ಚೆನ್ನಾಗಿ ಕಾಣಲಿ ಎಂದು ಕಪ್ಪು ಆ್ಯನೋಡೈಸಿಂಗಿಗೆ ಕಳಿಸಿದಿರಿ. ವಾಪಸ್ ಬಂದ ಮೇಲೆ ಬೇರಿಂಗ್ ಒಳಗೆ ಹೋಗುವುದಿಲ್ಲ.

ಆ್ಯನೋಡೈಸಿಂಗ್ ಬಣ್ಣವಲ್ಲ, ಲೋಹವೇ ಆಕ್ಸೈಡ್ ಆಗಿ ಬೆಳೆಯುವ ಪದರ. ಸುಮಾರು ಅರ್ಧ ಒಳಕ್ಕೆ, ಅರ್ಧ ಹೊರಕ್ಕೆ. 20 ಮೈಕ್ರಾನ್ ಪದರವೆಂದರೆ ಪ್ರತಿ ಗೋಡೆ 10 ಮೈಕ್ರಾನ್ ಮುಂದಕ್ಕೆ ಬಂತು. ತೂತಿನ ವ್ಯಾಸ ಎರಡೂ ಕಡೆ ಸೇರಿ 20 ಮೈಕ್ರಾನ್ ಕಿರಿದಾಯಿತು. 22.010 ಇದ್ದದ್ದು 21.990. ಎಚ್7ನ ಪೂರಾ ಅಗಲವೇ 21 ಮೈಕ್ರಾನ್, ಹೆಚ್ಚುಕಡಿಮೆ ಅಷ್ಟನ್ನೂ ಪದರ ನುಂಗಿತು. ಪೌಡರ್ ಕೋಟಿಂಗ್ ಆದರೆ ಇನ್ನೂ ಮುಂದೆ, 60ರಿಂದ 80 ಮೈಕ್ರಾನ್ ಸಾಮಾನ್ಯ; ಎಂ3 ಥ್ರೆಡ್ಡಿನೊಳಗೆ ಪೌಡರ್ ಕೂತರೆ ಮತ್ತೆ ಟ್ಯಾಪ್ ಓಡಿಸಬೇಕು. ಆದ್ದರಿಂದ ಅಳತೆ ಕೋಟಿಂಗಿಗೆ ಮುಂಚೆಯೋ ಆಮೇಲೆಯೋ ಎಂದು ಡ್ರಾಯಿಂಗಿನಲ್ಲಿ ಹೇಳಬೇಕು, ಯಾವ ತೂತಿಗೆ ಮಾಸ್ಕ್ ಹಾಕಬೇಕೆಂದು ಗುರುತು ಮಾಡಬೇಕು. ತೊಟ್ಟಿಯಲ್ಲಿ ಪೀಸನ್ನು ಎಲ್ಲಿ ಹಿಡಿದು ನೇತುಹಾಕುತ್ತಾರೋ ಅಲ್ಲಿ ಬಣ್ಣ ಕೂರದ ಚುಕ್ಕೆ ಉಳಿಯುತ್ತದೆ. ಅದು ಎಲ್ಲಿರಬೇಕೆಂದು ನೀವು ಹೇಳದಿದ್ದರೆ ಮುಂದಿನ ಮುಖದ ನಟ್ಟನಡುವೆ ಬಂದು ಕೂತಿರಲೂಬಹುದು.

"ಗಟ್ಟಿ ಬೇಕು, ಅದಕ್ಕೇ 7075 ಹಾಕಿದ್ದೀನಿ"

ಬ್ರಾಕೆಟ್ ಬಾಗುತ್ತಿದೆ ಎಂಬ ಕಾರಣಕ್ಕೆ ದುಬಾರಿ ಗ್ರೇಡಿಗೆ ಹೋಗುವವರಿದ್ದಾರೆ. 7075 ಮಿಶ್ರಲೋಹ ಮುರಿಯುವುದು, ಶಾಶ್ವತವಾಗಿ ಸೊಟ್ಟಗಾಗುವುದು ನಿಧಾನ, ಅದು ನಿಜ. ಆದರೆ ಭಾರ ಹಾಕಿದಾಗ ಬಾಗುವುದರಲ್ಲಿ 6061ಕ್ಕೂ ಅದಕ್ಕೂ ಇರುವ ವ್ಯತ್ಯಾಸ ನೂರಕ್ಕೆ ನಾಲ್ಕರಷ್ಟು. ಸ್ಥಿತಿಸ್ಥಾಪಕತೆಯ ಮಟ್ಟಿಗೆ ಎಲ್ಲ ಅಲ್ಯೂಮಿನಿಯಂಗಳೂ ಹೆಚ್ಚುಕಡಿಮೆ ಒಂದೇ. ಅದೇ ದುಡ್ಡಿನಲ್ಲಿ 5 ಮಿ.ಮೀ. ಗೋಡೆಯನ್ನು 6 ಮಾಡಿ. ದಪ್ಪದ ಘನಕ್ಕೆ ತಕ್ಕಂತೆ ಬಿಗಿತ ಏರುವುದರಿಂದ ಶೇಕಡಾ 70ಕ್ಕಿಂತ ಹೆಚ್ಚು ಲಾಭ. ಲೋಹದ ಅಂಗಡಿಯಲ್ಲಿ ಯಾವುದು ಕೈಗೆ ಸಿಗುತ್ತದೆ ಎಂಬುದೂ ಮುಖ್ಯ. ಅಂಗಡಿಯವರು ಎಚ್‌ಇ-30 ಎಂದು ಕರೆಯುವ 6082 ಎಲ್ಲೆಡೆ ಸಿಗುತ್ತದೆ, ಬಹುಪಾಲು ಬ್ರಾಕೆಟ್ಟಿಗೆ ಧಾರಾಳ. "6061 ಅಥವಾ 6082" ಎಂದು ಡ್ರಾಯಿಂಗಿನಲ್ಲೇ ಬರೆದುಬಿಟ್ಟರೆ ಎರಡು ದಿನ ಉಳಿಯಬಹುದು.

"ಪ್ರಿಂಟಲ್ಲಿ ಸರಿ ಬಂತು, ಇದನ್ನೇ ಮೌಲ್ಡ್ ಮಾಡಿಸಿ"

ತ್ರೀಡಿ ಪ್ರಿಂಟಿಂಗ್ ಹುಟ್ಟಿದ್ದೇ ನೋಡಿ ಸರಿಪಡಿಸಿಕೊಳ್ಳುವುದಕ್ಕೆ. ಚಾರ್ಲ್ಸ್ ಹಲ್ ಅವರಿಗೆ ಸ್ಟೀರಿಯೋಲಿಥೋಗ್ರಫಿಯ ಪೇಟೆಂಟ್ ಸಿಕ್ಕಿದ್ದು 1986ರಲ್ಲಿ. ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರ ಹಾಕುವ ವಿಧಾನದ ಮೂಲ ಪೇಟೆಂಟಿನ ಅವಧಿ 2009ರಲ್ಲಿ ಮುಗಿದ ಮೇಲೆ ಅಗ್ಗದ ಪ್ರಿಂಟರುಗಳು ಬಂದವು, ಈಗ ಕಾಲೇಜಿನ ಲ್ಯಾಬುಗಳಲ್ಲೂ ಒಂದೊಂದು ಕಾಣುತ್ತದೆ. ಒಳ್ಳೆಯದೇ ಆಯಿತು. ಆದರೆ ಪ್ರಿಂಟರು ಒಂದು ಕೆಟ್ಟ ಅಭ್ಯಾಸ ಕಲಿಸುತ್ತದೆ: ಯಾವ ಆಕಾರ ಕೊಟ್ಟರೂ "ಆಗುತ್ತೆ" ಅನ್ನುತ್ತದೆ.

ಮೌಲ್ಡ್ ಹಾಗನ್ನುವುದಿಲ್ಲ. ಬಿಸಿ ಪ್ಲಾಸ್ಟಿಕ್ ಉಕ್ಕಿನ ಎರಡು ಹೋಳುಗಳ ನಡುವೆ ತುಂಬಿ, ತಣಿದು, ಹೊರಬರಬೇಕು. ನೇರ ಗೋಡೆ ಅಚ್ಚನ್ನು ಕಚ್ಚಿಕೊಳ್ಳುತ್ತದೆ, ಅದಕ್ಕೆ ಒಂದೆರಡು ಡಿಗ್ರಿ ಇಳಿಜಾರು ಬೇಕು. ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿದ್ದರೆ ದಪ್ಪಗಿದ್ದ ಜಾಗ ನಿಧಾನವಾಗಿ ತಣಿದು ಮೇಲ್ಮೈ ಗುಳಿ ಬೀಳುತ್ತದೆ. ಒಳಗಿನ ಪಕ್ಕೆಗಳು ಗೋಡೆಯ ದಪ್ಪದ ಶೇಕಡಾ ಅರವತ್ತನ್ನು ಮೀರಬಾರದು ಎಂಬ ನಿಯಮ ಬಂದದ್ದು ಅದಕ್ಕೇ. ಪಕ್ಕದ ಗೋಡೆಯಲ್ಲಿ ಒಂದು ಕೊಕ್ಕೆ ಇದ್ದರೆ ಅಚ್ಚಿನೊಳಗೆ ಅಡ್ಡ ಚಲಿಸುವ ಇನ್ನೊಂದು ತುಂಡು ಬೇಕು, ಅಚ್ಚಿನ ಬೆಲೆ ಅಲ್ಲಿಗೇ ಜಿಗಿಯುತ್ತದೆ. ಇನ್ನು ಎಬಿಎಸ್ ತಣಿದಾಗ ಶೇಕಡಾ 0.4ರಿಂದ 0.7ರಷ್ಟು ಕುಗ್ಗುತ್ತದೆ, ಪಾಲಿಪ್ರೊಪಿಲೀನ್ ಒಂದರಿಂದ ಎರಡೂವರೆವರೆಗೆ. ಅಚ್ಚು ಕೊರೆದಾದ ಮೇಲೆ "ಪ್ಲಾಸ್ಟಿಕ್ ಬದಲಾಯಿಸಿಬಿಡೋಣ" ಅಂದರೆ ಪೀಸಿನ ಅಳತೆಯೇ ಬದಲಾಗುತ್ತದೆ. ಇದನ್ನೆಲ್ಲ ಪ್ರಿಂಟ್ ಮಾಡುವಾಗಲೇ ತಲೆಯಲ್ಲಿಟ್ಟುಕೊಂಡು ಆಕಾರ ಕೊಟ್ಟವರು ಆಮೇಲೆ ಒದ್ದಾಡುವುದಿಲ್ಲ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಈಗ ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಹಾಸನಗಳಲ್ಲೂ ಇರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ ಕಲಿತ ಹುಡುಗರು ಎಷ್ಟೋ ಟೂಲ್ ರೂಮುಗಳಲ್ಲಿ ಸಿಗುತ್ತಾರೆ. ಅಚ್ಚಿಗೆ ಆರ್ಡರ್ ಕೊಡುವ ಮುನ್ನ ಅಂಥವರೊಬ್ಬರಿಗೆ ಅರ್ಧ ಗಂಟೆ ಪೀಸು ತೋರಿಸಿ.

ನೂರಿನ್ನೂರು ಪೀಸು ಬೇಕಾದವರು ಮೌಲ್ಡ್ ಬಳಿ ಹೋಗಲೇಬೇಕು ಎಂಬುದೂ ತಪ್ಪು. ಇಪ್ಪತ್ತರವರೆಗೆ ಸಿಲಿಕೋನ್ ಅಚ್ಚಿನ ವ್ಯಾಕ್ಯೂಮ್ ಕಾಸ್ಟಿಂಗ್ ಇದೆ. ಒಂದು ಅಚ್ಚು ಸುಮಾರು ಅಷ್ಟು ಪೀಸು ಕೊಟ್ಟು ಸವೆಯುತ್ತದೆ. ಅದರಾಚೆಗೆ ನೈಲಾನ್ ಪುಡಿಯಿಂದ ಪ್ರಿಂಟ್ ಮಾಡುವ ಎಸ್‌ಎಲ್‌ಎಸ್, ಎಂಜೆಎಫ್ ಇವೆ, ಅಚ್ಚೇ ಬೇಡ.

ಮತ್ತೆ ನಮ್ಮ ಬ್ರಾಕೆಟ್ಟಿಗೆ ಬಂದರೆ, ಅದನ್ನು ಪಿಎಲ್‌ಎಯಲ್ಲಿ ಪ್ರಿಂಟ್ ಮಾಡಿ "ಕೆಲಸ ಮಾಡ್ತಿದೆ" ಎಂದು ಸಂತೋಷಪಟ್ಟವರು ಅರ್ಧ ದಿನ ಮೋಟರ್ ಓಡಿಸಿ ನೋಡಬೇಕು. ಪಿಎಲ್‌ಎ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ, ಸ್ಟೆಪ್ಪರ್ ಮೋಟರಿನ ಮೈ ಅಷ್ಟು ಬಿಸಿಯಾಗುವುದು ಮಾಮೂಲು. ಮೋಟರ್ ನಿಧಾನವಾಗಿ ತಲೆ ಬಾಗಿಸುತ್ತದೆ.

"ಆನ್‌ಲೈನಲ್ಲಿ ಕೊಟ್ರೆ ಈ ತಲೆನೋವೇ ಇಲ್ಲ"

ಅಮೆರಿಕದ ಮಿನ್ನೆಸೋಟಾದಲ್ಲಿ ಲ್ಯಾರಿ ಲೂಕಿಸ್ 1999ರಲ್ಲಿ ಪ್ರೋಟೋಮೋಲ್ಡ್ ಎಂಬ ಕಂಪನಿ ಶುರುಮಾಡಿದರು. ಇವತ್ತಿನ ಪ್ರೋಟೋಲ್ಯಾಬ್ಸ್ ಅದೇ. ಮೌಲ್ಡ್ ಮಾಡಿಸುವಾಗಿನ ಕಾಯುವಿಕೆ, ಕೊಟೇಶನ್ನಿನ ಗೊಂದಲಗಳನ್ನು ಸಾಫ್ಟ್‌ವೇರ್ ನುಂಗಿಹಾಕಲಿ ಎಂಬುದು ಅವರ ಆಲೋಚನೆ. ಫೈಲ್ ಹಾಕಿದ ಕೂಡಲೇ ರೇಟು ಹೇಳುವ ಸೇವೆಗಳ ಪರಂಪರೆ ಹೀಗೆ ಬೆಳೆಯಿತು. ಸಣ್ಣ ಊರಿನವರಿಗೆ ಇದು ದೊಡ್ಡ ಅನುಕೂಲ, ಅದರಲ್ಲಿ ಅನುಮಾನವಿಲ್ಲ. ಎರಡು ಪೀಸು ಅಂದರೂ ಮುಖ ಸಣ್ಣದು ಮಾಡುವುದಿಲ್ಲ.

ಆದರೆ ಹಲವು ವೇದಿಕೆಗಳಿಗೆ ಸ್ವಂತ ಯಂತ್ರಗಳೇ ಇಲ್ಲ. ನಿಮ್ಮ ಆರ್ಡರನ್ನು ತಮ್ಮ ಪಟ್ಟಿಯಲ್ಲಿರುವ ಯಾವುದೋ ಶೆಡ್ಡಿಗೆ ದಾಟಿಸುತ್ತವೆ. ಕೊನೆಗೂ ಪೀಸು ಮಾಡುವುದು ಒಬ್ಬ ಆಪರೇಟರೇ, ವ್ಯತ್ಯಾಸವೆಂದರೆ ಅವನು ನಿಮಗೆ ಫೋನ್ ಮಾಡಿ "ಸಾರ್, ಇದು ಹೀಗೇನಾ?" ಎಂದು ಕೇಳಲಾರ. ಆದ್ದರಿಂದ ಡ್ರಾಯಿಂಗಿನ ಕೆಲಸ ಆನ್‌ಲೈನಿನಲ್ಲಿ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಆ ರೇಟು ಹಾಕುವ ಪ್ರೋಗ್ರಾಂ ನೋಡುವುದು ಮುಖ್ಯವಾಗಿ ಆಕಾರವನ್ನು. ತೂತಿನಲ್ಲಿ ಬೇರಿಂಗ್ ಕೂರುತ್ತದೆಂದು ಅದಕ್ಕೆ ತಿಳಿಯದು. ಚೀನಾದಿಂದ ತರಿಸುವವರು ಪರದೆಯ ಮೇಲಿನ ಅಗ್ಗದ ಬೆಲೆಗೆ ಕೊರಿಯರ್, ಕಸ್ಟಮ್ಸ್ ಸುಂಕ, ಅದರ ಮೇಲಿನ ಐಜಿಎಸ್‌ಟಿ ಸೇರಿಸಿಯೇ ಪೀಣ್ಯದ ರೇಟಿನೊಡನೆ ಹೋಲಿಸಬೇಕು.

"ಏಳು ದಿನ ಅಂದ್ರೆ ಏಳು ದಿನ"

ಯಂತ್ರದ ಕೆಲಸ ಏಳು ದಿನ. ಮೆಟೀರಿಯಲ್ ತರುವುದು ಅದಕ್ಕೆ ಮುಂಚೆ, ಆ್ಯನೋಡೈಸಿಂಗ್ ಆಮೇಲೆ. ಬಹಳ ಶೆಡ್ಡುಗಳು ಪ್ಲೇಟಿಂಗನ್ನು ಹೊರಗೆ ಕೊಡುತ್ತವೆ, ಅಲ್ಲಿ ನಿಮ್ಮ ಎರಡು ಪೀಸು ಇನ್ನೊಬ್ಬರ ಇನ್ನೂರರ ಜೊತೆ ತೊಟ್ಟಿಗಿಳಿಯಲು ಕಾದು ಕೂತಿರುತ್ತವೆ. ಆಯುಧಪೂಜೆಯ ವಾರ ಲೆಕ್ಕಕ್ಕೇ ಬೇಡ.

"ಮೌಲ್ಡಿಗೆ ದುಡ್ಡು ಕೊಟ್ಟ ಮೇಲೆ ಮೌಲ್ಡ್ ನಮ್ಮದೇ"

ಪರ್ಚೇಸ್ ಆರ್ಡರಿನಲ್ಲಿ ಹಾಗೆ ಬರೆದಿದ್ದರೆ. ಬರೆಯದೇ ಇದ್ದರೆ ಆರು ತಿಂಗಳ ನಂತರ ಬೇರೆ ಕಡೆ ಮೌಲ್ಡಿಂಗ್ ಮಾಡಿಸಲು ಅಚ್ಚು ಕೇಳಿದಾಗ ಜಗಳ ಗ್ಯಾರಂಟಿ. ಅಚ್ಚಿನ ವಿನ್ಯಾಸದ ಫೈಲು ಯಾರದು, ಎಷ್ಟು ಸಾವಿರ ಶಾಟಿನವರೆಗೆ ರಿಪೇರಿ ಅವರ ಹೊಣೆ, ಇದೂ ಅಲ್ಲೇ ಇರಲಿ. ಜಿಎಸ್‌ಟಿ ಕಾನೂನಿನ 143ನೇ ಕಲಮಿನಡಿ ಜಾಬ್ ವರ್ಕಿಗೆ ಕಳಿಸಿದ ಕಚ್ಚಾ ಮಾಲು ಒಂದು ವರ್ಷದೊಳಗೆ, ಯಂತ್ರೋಪಕರಣ ಮೂರು ವರ್ಷದೊಳಗೆ ವಾಪಸ್ ಬರಬೇಕು. ಮೌಲ್ಡ್, ಡೈ, ಜಿಗ್, ಫಿಕ್ಸ್ಚರುಗಳಿಗೆ ಆ ಗಡುವು ಅನ್ವಯಿಸುವುದಿಲ್ಲ. ಡೆಲಿವರಿ ಚಲನ್ ಮಾತ್ರ ಜೋಪಾನ. ಅಚ್ಚು ನಿಮ್ಮದು ಎಂಬುದಕ್ಕೆ ಅದೂ ಒಂದು ಸಾಕ್ಷಿ.

ಐಡಿಯಾ ಕದ್ದುಬಿಡುತ್ತಾರೆ ಎಂದು ಹೆದರಿ ಎರಡು ಬ್ರಾಕೆಟ್ಟಿಗೂ ಎನ್‌ಡಿಎ ಸಹಿ ಹಾಕಿಸುವವರಿದ್ದಾರೆ. ಶೆಡ್ಡಿನವರಿಗೆ ನಿಮ್ಮ ಐಡಿಯಾಗಿಂತ ಮುಂದಿನ ತಿಂಗಳ ಕರೆಂಟ್ ಬಿಲ್ ಮುಖ್ಯ. ಸಹಿ ಹಾಕಿಸಿದವರೇ ಆಮೇಲೆ ಎಕ್ಸಿಬಿಷನ್ನಿನಲ್ಲಿ ಮಾದರಿಯನ್ನು ಎಲ್ಲರಿಗೂ ತೋರಿಸಿ ಬಂದು ವಿನ್ಯಾಸ ನೋಂದಣಿಗೆ ಅರ್ಜಿ ಹಾಕಲು ಹೊರಡುತ್ತಾರೆ. 2000ದ ವಿನ್ಯಾಸ ಕಾಯ್ದೆ ಮೊದಲೇ ಬಹಿರಂಗವಾದ ವಿನ್ಯಾಸವನ್ನು ಸಾಮಾನ್ಯವಾಗಿ ನೋಂದಾಯಿಸಲು ಬಿಡುವುದಿಲ್ಲ. ಹೆದರಬೇಕಾದ್ದು ಅಲ್ಲಿ.

"ಸರಿ ಇಲ್ಲದಿದ್ರೆ ವಾಪಸ್ ಕೊಟ್ಟರಾಯ್ತು"

ಅಂಗಡಿಯ ಮಿಕ್ಸಿಯಾದರೆ ಸರಿ. ನಿಮ್ಮ ಅಳತೆಗೆ ಕೊರೆದ ಬ್ರಾಕೆಟ್ ಭೂಮಿಯ ಮೇಲೆ ಇನ್ನೊಬ್ಬರಿಗೆ ಬೇಡ. ಡ್ರಾಯಿಂಗಿನಲ್ಲಿ ಬರೆದದ್ದಕ್ಕೆ ತಪ್ಪಿದ್ದರೆ ಮರ್ಯಾದಸ್ಥ ಶೆಡ್ಡಿನವರು ಮತ್ತೆ ಮಾಡಿಕೊಡುತ್ತಾರೆ, ಕೇಳುವುದಕ್ಕೆ ಸಂಕೋಚ ಬೇಡ. ಬರೆಯದ್ದಕ್ಕೆ ತಪ್ಪಿದ್ದರೆ ಮತ್ತೊಂದು ಬಿಲ್. ಹಾಗಾಗಿಯೇ ವಾಟ್ಸಾಪಿನಲ್ಲಿ "ಆ ತೂತು ಎರಡು ಎಂಎಂ ಈ ಕಡೆ ಬರಲಿ" ಎಂದು ಹೇಳುವ ಚಟ ದುಬಾರಿ. ಬದಲಾವಣೆಯಾದಾಗ ಡ್ರಾಯಿಂಗಿನ ರಿವಿಷನ್ ಅಕ್ಷರ ಬದಲಾಗಬೇಕು, ಅದೇ ಅಕ್ಷರ ಪರ್ಚೇಸ್ ಆರ್ಡರಿನಲ್ಲೂ ಇರಬೇಕು.

ತಪ್ಪು ಇದೆ ಎಂದು ತೋರಿಸುವುದಕ್ಕೂ ಸಾಧನ ಬೇಕಲ್ಲ. 0.02 ಮಿ.ಮೀ. ಓದುವ ವರ್ನಿಯರ್ ಹಿಡಿದು 0.021 ಅಗಲದ ಟಾಲರೆನ್ಸಿನ ತೂತಿಗೆ ತೀರ್ಪು ಕೊಡಲಾಗದು. ಅದಕ್ಕೆ ಬೋರ್ ಗೇಜ್ ಬೇಕು, ಇಲ್ಲವೇ ಒಂದು ತುದಿ ಹೋಗುವ, ಇನ್ನೊಂದು ತುದಿ ಹೋಗದ ಪ್ಲಗ್ ಗೇಜ್. ಎರಡೂ ಇಲ್ಲದವರು ಆರ್ಡರ್ ಕೊಡುವಾಗಲೇ ಒಂದು 608 ಬೇರಿಂಗನ್ನು ಡ್ರಾಯಿಂಗಿಗೆ ಕಟ್ಟಿ ಕೊಟ್ಟುಬಿಡುವುದು ವಾಸಿ. ಆ್ಯನೋಡೈಸಿಂಗ್ ಮುಗಿದ ಮೇಲೆ ಅದನ್ನು ತೂತಿನಲ್ಲಿ ಕೂರಿಸಿಯೇ ಕಳಿಸಿ ಎಂದು ಹೇಳಿ. ಬೇರಿಂಗಿನ ದುಡ್ಡು ಕೊಟೇಶನ್ನಿನ ಚಿಲ್ಲರೆಯಲ್ಲಿ ಮುಗಿಯುತ್ತದೆ.